ಭಸ್ಮಾಸುರನ ಬೂದಿ, ಗಟಾರದ ಕೆಂಪು

ಯಾಣದ ಬುಡದಲ್ಲಿ ಕಾಲಿಗೆ ಸಿಗುವ ಮಣ್ಣು ಕಪ್ಪು, ಸಡಿಲು. ಕುಮಟಾ ಸೀಮೆಯ ಹಿರಿಯರ ಮಾತಿನಲ್ಲಿ ಅದು ಭಸ್ಮಾಸುರನ ಬೂದಿ. ಮೋಹಿನಿಯ ಹೆಜ್ಜೆಗೆ ಹೆಜ್ಜೆ ಹಾಕುತ್ತ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡು ಸುಟ್ಟುಹೋದ ರಾಕ್ಷಸ ಇಲ್ಲೇ ಬಿದ್ದ, ಅದಕ್ಕೇ ಇಲ್ಲಿನ ಕಲ್ಲೂ ಕಪ್ಪು, ಮಣ್ಣೂ ಕಪ್ಪು ಎಂಬುದು ಕಥೆ. ಎರಡು ದೊಡ್ಡ ಬಂಡೆಗಳಲ್ಲಿ ಒಂದು ಭೈರವೇಶ್ವರ ಶಿಖರ, ಸುಮಾರು 120 ಮೀಟರ್ ಎತ್ತರ. ಇನ್ನೊಂದು ಮೋಹಿನಿ ಶಿಖರ, ಸುಮಾರು 90 ಮೀಟರ್. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಅಲ್ಲಿಗೆ ಹೋಗಿಬರಲು ನಿಜಕ್ಕೂ ಕಾಲಲ್ಲಿ ಕಸುವು ಬೇಕಿತ್ತು.

ಈ ಕಥೆ ನನಗೆ ಬಹಳ ಇಷ್ಟ. ಬೂದಿಗೂ ಮಣ್ಣಿಗೂ ನಂಟು ಹಾಕಿದ ಕಥೆ ಅದು. ನಮ್ಮ ಭಟ್ಕಳ, ಹೊನ್ನಾವರ, ಕುಮಟಾದ ಕರಾವಳಿಯಲ್ಲಿ ಜ್ವಾಲಾಮುಖಿಯಿಲ್ಲ, ಯಾಣವೂ ಜ್ವಾಲಾಮುಖಿಯಲ್ಲ. ಅಲ್ಲಿನ ಮಣ್ಣು ಕಪ್ಪಾಗಿರುವುದು ಕಾಡಿನ ದರಕು ವರ್ಷವರ್ಷವೂ ಬಿದ್ದು ಕೊಳೆತದ್ದರಿಂದ. ಆದರೆ ಬೆಂಕಿಯ ಬೆಟ್ಟಗಳಿರುವ ನಾಡುಗಳಲ್ಲಿ ಬೂದಿಯೇ ಮಣ್ಣಾಗುತ್ತದೆ, ಆ ಮಣ್ಣು ಕೊಳೆತ ಎಲೆಯನ್ನು ಬೇರೆ ಯಾವ ಮಣ್ಣಿಗಿಂತಲೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅದರ ಗುಟ್ಟು ಕಣ್ಣಿಗೆ ಕಾಣದಷ್ಟು ಸಣ್ಣ ಒಂದು ಜೇಡಿಕಣದಲ್ಲಿದೆ. ಆ ಕಣದ ಜಾಡು ಹಿಡಿದು ಹೊರಟರೆ ಜಪಾನ್, ಹವಾಯಿ, ನೀಲಗಿರಿಗಳನ್ನೆಲ್ಲ ಸುತ್ತಿ ಕೊನೆಗೆ ನಮ್ಮ ಮನೆಯ ಹಿಂದಿನ ಗಟಾರಕ್ಕೇ ಬಂದು ನಿಲ್ಲಬೇಕಾಗುತ್ತದೆ. ಅವಸರವಿಲ್ಲದವರು ಜೊತೆಗೆ ಬನ್ನಿ.

ಜ್ವಾಲಾಮುಖಿಯ ಬೂದಿ ನಮ್ಮ ಒಲೆಯ ಬೂದಿಯಂಥದ್ದಲ್ಲ. ಅದು ಗಾಜಿನ ಹುಡಿ. ಕರಗಿದ ಕಲ್ಲು ಆಕಾಶಕ್ಕೆ ಚಿಮ್ಮಿ, ಹರಳುಗಟ್ಟಲು ಸಮಯವೇ ಸಿಗದೆ ತಣ್ಣಗಾದಾಗ ಆಗುವಂಥದ್ದು. ಮಳೆ ಬಿದ್ದರೆ ಅದು ಬೇಗ ಕರಗುತ್ತದೆ. ಕರಗಿದ ಅಲ್ಯೂಮಿನಿಯಂ ಮತ್ತು ಸಿಲಿಕಾ ಒಂದನ್ನೊಂದು ಸೇರುತ್ತವೆ, ಆದರೆ ಸಾಲಾಗಿ ಜೋಡಿಸಿಕೊಂಡು ಹರಳಾಗುವಷ್ಟು ವ್ಯವಧಾನ ಅವಕ್ಕಿರುವುದಿಲ್ಲ. ಹಾಗೆ ಅರೆಬರೆಯಾಗಿ ಹುಟ್ಟಿದ ಜೇಡಿಗೆ ಅಲೋಫೇನ್ ಎಂದು ಹೆಸರು. 1816ರಲ್ಲಿ ಆ ಹೆಸರಿಟ್ಟವನು ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರೀಡ್ರಿಚ್ ಸ್ಟ್ರೋಮೇಯರ್. ಮರುವರ್ಷ ಕ್ಯಾಡ್ಮಿಯಂ ಎಂಬ ಲೋಹವನ್ನು ಕಂಡುಹಿಡಿದವನೂ ಅವನೇ. ಅಲೋಫೇನಿನ ಒಂದೊಂದು ಕಣವೂ ಟೊಳ್ಳಾದ ಗುಂಡು, ಅಡ್ಡಳತೆ ನಾಲ್ಕೈದು ನ್ಯಾನೊಮೀಟರ್, ಗೋಡೆಯಲ್ಲಿ ಇನ್ನೂ ಸಣ್ಣ ತೂತುಗಳು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ಇದಕ್ಕೊಬ್ಬ ತಮ್ಮನಿದ್ದಾನೆ, ಇಮೊಗೊಲೈಟ್. ಅದು ಗುಂಡಲ್ಲ, ಸುಮಾರು ಎರಡು ನ್ಯಾನೊಮೀಟರ್ ದಪ್ಪದ ಕೊಳವೆ. 1962ರಲ್ಲಿ ಜಪಾನಿನ ಯೋಶಿನಾಗ ಮತ್ತು ಆವೊಮಿನೆ ಎಂಬಿಬ್ಬರು ಕ್ಯೂಶು ದ್ವೀಪದ ಬೂದಿಮಣ್ಣಿನಲ್ಲಿ ಅದನ್ನು ಕಂಡರು. ನ್ಯಾನೊ ತಂತ್ರಜ್ಞಾನ ಎಂಬ ಮಾತು ಹುಟ್ಟುವ ಮೊದಲೇ ಮಣ್ಣು ತನ್ನ ಪಾಡಿಗೆ ತಾನು ನ್ಯಾನೊ ಕೊಳವೆಗಳನ್ನು ಮಾಡುತ್ತ ಕೂತಿತ್ತು.

ಕಣ ಸಣ್ಣದಾದಷ್ಟೂ ಅದರ ಮೈ ಹೆಚ್ಚು. ನಮ್ಮ ಜಮೀನಿನ ಲೆಕ್ಕದಲ್ಲೇ ಹೇಳುತ್ತೇನೆ: ಒಂದು ಗ್ರಾಂ ಅಲೋಫೇನಿನ ಕಣಗಳ ಒಳಹೊರ ಮೈಯನ್ನೆಲ್ಲ ಬಿಚ್ಚಿ ಹಾಸಿದರೆ ಏಳೆಂಟು ಗುಂಟೆ ಗದ್ದೆಯಾಗುತ್ತದೆ. ಒಂದು ಚಿಟಿಕೆಯಲ್ಲಿ ಏಳೆಂಟು ಗುಂಟೆ! ನಾವು ಗೋಡೆಗೆ ಬಳಿಯುವ ಬಿಳಿ ಶೇಡಿಯಲ್ಲಿರುವ ಕೆಯೊಲಿನೈಟ್ ಜೇಡಿಗೆ ಗ್ರಾಂಗೆ ಹತ್ತಿಪ್ಪತ್ತು ಚದರ ಮೀಟರ್ ಸಿಕ್ಕರೆ ಹೆಚ್ಚು.

ಆ ಮೈಯ ಮೇಲೆ ಅಲ್ಯೂಮಿನಿಯಮ್ಮಿಗೆ ಅಂಟಿದ ಹೈಡ್ರಾಕ್ಸಿಲ್ ಗುಂಪುಗಳಿರುತ್ತವೆ. ಎಲೆ, ಬೇರು ಕೊಳೆತಾಗ ಬರುವ ಸಾವಯವ ಆಮ್ಲಗಳು ಆ ಗುಂಪನ್ನು ತಳ್ಳಿ ಆ ಜಾಗದಲ್ಲಿ ತಾವೇ ಕೂತುಬಿಡುತ್ತವೆ. ಇದು ಮೇಲೆಮೇಲೆ ಮೆತ್ತಿಕೊಂಡದ್ದಲ್ಲ, ರಾಸಾಯನಿಕ ಬೆಸುಗೆ. ಜೊತೆಗೆ ಈ ಗುಂಡುಗಳು ಒಂದಕ್ಕೊಂದು ಹತ್ತಿಕೊಂಡು ಗಂಟುಗಂಟಾಗುತ್ತವೆ. ಗಂಟಿನ ಒಳಗಿನ ಸಂದುಗಳಿಗೆ ಬ್ಯಾಕ್ಟೀರಿಯಾವನ್ನು ಬಿಡಿ, ಅದು ಉಗುಳುವ ಕಿಣ್ವ ಕೂಡ ಹೋಗಲಾರದು. ತಿನ್ನುವವರ ಕೈಗೆ ಸಿಗದ ಅನ್ನ ಹಳಸುವುದಾದರೂ ಹೇಗೆ? ಗಾಳಿಯಿಂದ ಎಲೆ ಹೀರಿದ ಇಂಗಾಲ ಹೀಗೆ ಮಣ್ಣಿನಲ್ಲಿ ನೂರಾರು, ಕೆಲವೆಡೆ ಸಾವಿರಾರು ವರ್ಷ ಉಳಿಯುತ್ತದೆ. ಇಂಥ ಮಣ್ಣಿನಿಂದ ಡಿಎನ್‌ಎ ಬಿಡಿಸಿ ತೆಗೆಯುವುದೂ ಕಷ್ಟ. ಅದನ್ನೂ ಮಣ್ಣು ಹಿಡಿದಿಟ್ಟಿರುತ್ತದೆ.

ಇಷ್ಟೆಲ್ಲ ಯಾಕೆ ಮುಖ್ಯ ಎನ್ನುವವರಿಗೆ ಒಂದೇ ಲೆಕ್ಕ. ಭೂಮಿಯ ಮೇಲಿನ ಒಂದು ಮೀಟರ್ ಮಣ್ಣಿನಲ್ಲಿರುವ ಸಾವಯವ ಇಂಗಾಲ ಸುಮಾರು 1500 ಶತಕೋಟಿ ಟನ್. ವಾತಾವರಣದಲ್ಲಿ ಇರುವುದು 900 ಶತಕೋಟಿಗೆ ಹತ್ತಿರ. ಅಂದರೆ ಆಕಾಶಕ್ಕಿಂತ ದೊಡ್ಡ ಉಗ್ರಾಣ ಕಾಲ ಕೆಳಗಿದೆ. ಅದರಲ್ಲಿ ಬೂದಿಮಣ್ಣಿನ ನೆಲ ಜಗತ್ತಿನ ನೂರರಲ್ಲಿ ಒಂದು ಪಾಲೂ ಇಲ್ಲ. ಆದರೆ ಇಂಗಾಲದಲ್ಲಿ ಅದರ ಪಾಲು ವಿಸ್ತೀರ್ಣದ ಎರಡು ಪಟ್ಟಿಗೂ ಹೆಚ್ಚು.

ಹಾಗಾದರೆ ನಮ್ಮ ಕರ್ನಾಟಕಕ್ಕೆ ಜ್ವಾಲಾಮುಖಿಯ ಸೋಂಕೇ ಇಲ್ಲವೆ? ಇದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಕಳಚಿಕೊಳ್ಳುವ ಹೊತ್ತಿಗೆ ಹರಿದ ಲಾವಾ. 1979ರಲ್ಲಿ ಅವಕ್ಕೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಮಾನ ಸಿಕ್ಕಿತು. ಘಟ್ಟದ ಮೇಲೆ, ಬೆಳಗಾವಿ, ವಿಜಯಪುರದ ಕಡೆ, 6.6 ಕೋಟಿ ವರ್ಷದ ಹಿಂದಿನ ದಖನ್ ಲಾವಾದ ಹಾಸುಗಳಿವೆ. ಅದು ಸವೆದು ಆದದ್ದೇ ಅಲ್ಲಿನ ಎರೆಮಣ್ಣು. ಕುಮಟಾಕ್ಕೂ ಎರೆಮಣ್ಣಿಗೂ ಒಂದು ಹಳೆಯ ಋಣ ಇದೆ. ಧಾರವಾಡ ಸೀಮೆಯ ಎರೆಹೊಲದ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಬೆಳೆದದ್ದು ಅಲ್ಲಿಯಾದರೂ ವ್ಯಾಪಾರದಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬಾರದಾದಾಗ ಈ ಹತ್ತಿಗೆ ಬಂದ ಬೇಡಿಕೆ ದೊಡ್ಡದು.

ಎರೆಮಣ್ಣು ಅಷ್ಟು ಕಪ್ಪು, ಅಷ್ಟು ಫಲವತ್ತು, ಹಾಗಾದರೆ ಅದರಲ್ಲಿ ಇಂಗಾಲವೂ ತುಂಬಿರಬೇಕು ಎಂದುಕೊಳ್ಳುವುದು ಸಹಜ. ಹಾಗಿಲ್ಲ. ನಮ್ಮ ಬಯಲುಸೀಮೆಯ ಎರೆಹೊಲಗಳಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಬಿಸಿಲು ಹೆಚ್ಚು, ಮಳೆ ಕಡಿಮೆ, ಬೀಳುವ ಎಲೆಯೂ ಕಡಿಮೆ. ಮೇಲಾಗಿ ಕೋಟ್ಯಂತರ ವರ್ಷ ಕಳೆದ ಆ ಲಾವಾದಲ್ಲಿ ಅಲೋಫೇನಿನಂಥ ಎಳೆಯ ಜೇಡಿ ಉಳಿದಿಲ್ಲ. ಮಣ್ಣಿನ ಬಣ್ಣ ನೋಡಿ ಅದರ ಇಂಗಾಲ ಅಳೆಯಬಾರದು.

ವಯಸ್ಸಿನ ಮಾತು ಬಂತು. ಹವಾಯಿ ದ್ವೀಪಗಳಲ್ಲಿ ಒಂದೇ ಬಗೆಯ ಲಾವಾ, ಒಂದೇ ಬಗೆಯ ಮಳೆ, ಒಂದೇ ಬಗೆಯ ಕಾಡು ಇರುವ ಕಡೆಗಳಲ್ಲಿ ಬೇರೆಬೇರೆ ವಯಸ್ಸಿನ ಮಣ್ಣುಗಳಿವೆ. ಮಾರ್ಗರೆಟ್ ಟಾರ್ನ್ ಮತ್ತು ಸಂಗಡಿಗರು 300 ವರ್ಷದ ಎಳೆಯ ಮಣ್ಣಿನಿಂದ 41 ಲಕ್ಷ ವರ್ಷದ ಮುದಿ ಮಣ್ಣಿನವರೆಗೆ ಇಂಗಾಲ ಅಳೆದು 1997ರಲ್ಲಿ ಪ್ರಕಟಿಸಿದರು. ಇಂಗಾಲ ಏರುತ್ತ ಏರುತ್ತ ಹೋಗಿ ಒಂದೂವರೆ ಲಕ್ಷ ವರ್ಷದ ಮಣ್ಣಿನಲ್ಲಿ ತುದಿ ಮುಟ್ಟಿತು, ಆಮೇಲೆ ಇಳಿಯಿತು. ಕಾರಣ ಜೇಡಿಕಣ. ಬೂದಿ ಕರಗಿ ಅಲೋಫೇನಿನಂಥ ಅರೆಬರೆ ಕಣಗಳು ತುಂಬಿದ್ದ ಕಾಲದಲ್ಲಿ ಮಣ್ಣಿನ ಹಿಡಿತ ಹೆಚ್ಚು. ಕಾಲ ಸರಿದಂತೆ ಆ ಕಣಗಳು ಕೆಯೊಲಿನೈಟ್, ಗಿಬ್ಸೈಟ್ ಎಂಬ ಶಿಸ್ತಿನ ಹರಳುಗಳಾಗುತ್ತವೆ, ಹಿಡಿತ ಸಡಿಲಾಗುತ್ತದೆ. ಇಂಗಾಲ ಎಷ್ಟು ಉಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಕಾಡು, ಮಳೆಗಳಷ್ಟೇ ಅಲ್ಲ, ಮಣ್ಣಿನ ಖನಿಜವೂ ಹೌದು ಎಂಬುದು ಅಂದಿನಿಂದ ಗಟ್ಟಿಯಾಯಿತು.

ಆ ಮುದಿ ಮಣ್ಣಿನ ಕೊನೆಯ ಮಜಲೇ ನಮ್ಮ ಕರಾವಳಿ. ವರ್ಷಕ್ಕೆ 3500 ಮಿಲಿಮೀಟರ್ ದಾಟುವ ಮಳೆ ಕೋಟ್ಯಂತರ ವರ್ಷ ತೊಳೆದು ಸಿಲಿಕಾ, ಸುಣ್ಣ, ಪೊಟ್ಯಾಶ್ ಎಲ್ಲವನ್ನೂ ಸಮುದ್ರಕ್ಕೆ ಕಳಿಸಿದೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಅದೇ ನಮ್ಮ ಚಿರೇಕಲ್ಲು. ಅಪ್ಸರಕೊಂಡದ ಗುಡ್ಡದ ಅಂಚಿನಲ್ಲಿ ನಿಂತವರು ಅದನ್ನು ಬರಿಗಣ್ಣಲ್ಲೇ ನೋಡಬಹುದು: ಮೇಲೆ ತೂತುತೂತಾದ ಕೆಂಪು ಕಲ್ಲು. ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಈ ಭಟ್ಕಳ, ಹೊನ್ನಾವರ, ಕುಮಟಾಗಳ ದಾರಿಯಲ್ಲೇ ಹಾದುಹೋದ. ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಇದೇ ಕಲ್ಲಿಗೆ ಅವನಿಟ್ಟ ಲ್ಯಾಟರೈಟ್ ಎಂಬ ಹೆಸರು 1807ರಲ್ಲಿ ಅಚ್ಚಾದ ಅವನ ಪುಸ್ತಕದಿಂದ ಜಗತ್ತಿಗೆಲ್ಲ ಹಬ್ಬಿತು. ನೆಲದಲ್ಲಿರುವಾಗ ಕೊಡಲಿಯಲ್ಲಿ ಕಡಿಯುವಷ್ಟು ಮೆದು, ಗಾಳಿಗೆ ಬಿದ್ದು ಒಣಗಿದ ಮೇಲೆ ಇಟ್ಟಿಗೆಯಷ್ಟು ಗಟ್ಟಿ ಎಂಬುದು ಅವನನ್ನು ಬೆರಗುಗೊಳಿಸಿತ್ತು. ಇಂಥ ಗುಡ್ಡ ಕಡಿದಲ್ಲಿ ಕೆಂಪು ಕಲ್ಲಿನ ಕೆಳಗೆ ಬಿಳಿ, ಗುಲಾಬಿ ಬಣ್ಣದ ಜೇಡಿ ಕಾಣುತ್ತದೆ. ನಮ್ಮ ಹೆಂಗಸರು ಗೋಡೆಗೆ ಕೆಮ್ಮಣ್ಣು ಬಳಿದು ಶೇಡಿಯಿಂದ ಚಿತ್ತಾರ ಬರೆಯುವಾಗ ಈ ನೆಲದ ಎರಡು ಪದರಗಳನ್ನೂ ಗೋಡೆಗೆ ತರುತ್ತಾರೆ. ಕೆಂಪು ಕಬ್ಬಿಣದ ಆಕ್ಸೈಡ್, ಬಿಳಿ ಕೆಯೊಲಿನೈಟ್.

ಹವಾಯಿಯ ಲೆಕ್ಕ ಹಿಡಿದರೆ ಇಂಥ ಮುದಿ ಮಣ್ಣಿನಲ್ಲಿ ಹಿಡಿತವೇ ಇರಬಾರದು. ಆದರೆ ಇದೆ. ಅದಕ್ಕೆ ಗಟಾರಕ್ಕೆ ಬರಬೇಕು.

ಆರಿದ್ರಾ ಮಳೆ ಕಳೆದ ಮೇಲೆ ಗುಡ್ಡದ ಬುಡದ ಒರತೆಗಳಲ್ಲಿ, ತೋಟದ ಕಾಲುವೆಯಲ್ಲಿ, ರಸ್ತೆಬದಿಯ ಗಟಾರದಲ್ಲಿ ಕಿತ್ತಳೆ ಬಣ್ಣದ ಲೋಳೆ ಕಟ್ಟುತ್ತದೆ. ಮೇಲೆ ಬಣ್ಣಬಣ್ಣದ ಪೊರೆ. ಯಾರೋ ಡೀಸೆಲ್ ಚೆಲ್ಲಿದ್ದಾರೆ ಎಂದುಕೊಳ್ಳುವವರು ಬಹಳ. ಒಂದು ಕಡ್ಡಿಯಿಂದ ಆ ಪೊರೆಯನ್ನು ಮುಟ್ಟಿ ನೋಡಿ. ಎಣ್ಣೆಯಾದರೆ ಸುತ್ತಿಕೊಂಡು ಮತ್ತೆ ಕೂಡಿಕೊಳ್ಳುತ್ತದೆ. ಇದು ಕೂಡುವುದಿಲ್ಲ, ಮೂಲೆಮೂಲೆಯಾಗಿ ಒಡೆದು ಚೂರಾಗುತ್ತದೆ. ಇದು ಕಬ್ಬಿಣ. ಮಳೆಗಾಲದಲ್ಲಿ ನೆಲ ನೀರು ಕುಡಿದು ಉಸಿರು ಕಟ್ಟಿದಾಗ ಮಣ್ಣಿನ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ತುಕ್ಕನ್ನೇ ಬಳಸಿಕೊಳ್ಳುತ್ತವೆ. ಕೆಂಪು ಕಬ್ಬಿಣ ಬಣ್ಣ ಕಳೆದುಕೊಂಡು ನೀರಿನಲ್ಲಿ ಕರಗಿ ಒರತೆಯೊಂದಿಗೆ ಹೊರಬರುತ್ತದೆ. ಗಾಳಿ ತಗುಲಿದ ಕೂಡಲೇ ಮತ್ತೆ ತುಕ್ಕಾಗುತ್ತದೆ, ಅದಕ್ಕೆ ನೆರವಾಗುವ ಬೇರೆ ಬ್ಯಾಕ್ಟೀರಿಯಾಗಳೂ ಇವೆ. ಹೀಗೆ ಹೊಸದಾಗಿ ಹುಟ್ಟಿದ ತುಕ್ಕು ಫೆರಿಹೈಡ್ರೈಟ್. ಅದರ ಕಣ ಕೆಲವೇ ನ್ಯಾನೊಮೀಟರ್, ಅದೂ ಅಲೋಫೇನಿನಂತೆ ಅರೆಬರೆ ಜೋಡಣೆಯದ್ದು, ಮೈ ಗ್ರಾಂಗೆ ಎರಡು ಮೂರು ಗುಂಟೆ.

ಅದರ ಹುಟ್ಟಿನ ಜಾಗ ನೋಡಿ. ದರಕು ನೆನೆದು ಬಿಟ್ಟ ಕಂದು ರಸ ಹರಿದುಬರುವ ನೀರಿನಲ್ಲೇ ಅದು ಹುಟ್ಟುತ್ತದೆ. ಹುಟ್ಟುವಾಗಲೇ ಆ ಎಲೆರಸದ ಇಂಗಾಲವನ್ನು ಮೈಗೆ ಬೆಸೆದುಕೊಳ್ಳುತ್ತದೆ. ಬರಿ ನೀರಿನಲ್ಲಿ ಹುಟ್ಟಿದ ಫೆರಿಹೈಡ್ರೈಟ್ ಬೇಗ ವಯಸ್ಸಾಗಿ ಗೋಥೈಟ್, ಹೆಮಟೈಟ್ ಎಂಬ ಹರಳಾಗಿಬಿಡುತ್ತದೆ. ಎಲೆರಸ ಬೆರೆತಿದ್ದರೆ ಆ ಮಾರ್ಪಾಡು ನಿಧಾನ. ತುಕ್ಕು ಎಲೆಯ ಇಂಗಾಲವನ್ನು ಕಾಯುತ್ತದೆ, ಎಲೆಯ ಇಂಗಾಲ ತುಕ್ಕನ್ನು ಎಳೆಯದಾಗಿ ಇಡುತ್ತದೆ. ಈ ಕೊಡುಕೊಳೆ ಎಷ್ಟು ಸುಂದರವೆಂದರೆ, ಓದಿದಾಗಲೆಲ್ಲ ನನಗೆ ಹೊಸದಾಗಿ ಖುಷಿಯಾಗುತ್ತದೆ. ಬೂದಿಯ ನಾಡಿಗೆ ಜ್ವಾಲಾಮುಖಿ ಒಮ್ಮೆ ಕೊಟ್ಟದ್ದನ್ನು ನಮ್ಮ ನಾಡಿಗೆ ಮಳೆಗಾಲ ಪ್ರತಿ ವರ್ಷ ಕೊಡುತ್ತದೆ. ಒಂದು ಮಾತು ಮಾತ್ರ ಮರೆಯಬಾರದು: ನೆಲ ಮತ್ತೆ ನೀರಿನಲ್ಲಿ ಮುಳುಗಿ ಆ ತುಕ್ಕು ಕರಗಿದರೆ ಹಿಡಿದ ಇಂಗಾಲದಲ್ಲಿ ಒಂದು ಪಾಲು ಕಳಚಿಕೊಳ್ಳುತ್ತದೆ. ಹಿಡಿಯುವುದೂ ಬಿಡುವುದೂ ಎರಡೂ ಇದೆ. ಎಲೆ ಬೀಳುತ್ತಿರುವವರೆಗೆ ಮಾತ್ರ ಆ ವ್ಯವಹಾರ ಲಾಭದಲ್ಲಿರುತ್ತದೆ.

ಜ್ವಾಲಾಮುಖಿಯಿಲ್ಲದೆಯೂ ಬೂದಿಮಣ್ಣಿನ ಗುಣ ಬರಬಹುದು ಎಂಬುದಕ್ಕೆ ಸಾಕ್ಷಿ ನಮ್ಮ ಘಟ್ಟದ ಸಾಲಿನಲ್ಲೇ ಇದೆ. ಬಡಗರ ನೆಲವಾದ ನೀಲಗಿರಿಯ ಎತ್ತರದಲ್ಲಿ, ಶೋಲಾ ಕಾಡು ಮತ್ತು ಹುಲ್ಲುಗಾವಲುಗಳ ಕೆಳಗೆ, ದಪ್ಪನೆಯ ಕರಿ ಮಣ್ಣಿದೆ. ಲೋರಾಂ ಕಾನೆ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅದು ಬೂದಿಮಣ್ಣಿನ ವರ್ಗಕ್ಕೇ ಸೇರುವ ಮಣ್ಣು. ಅಲ್ಲಿ ಬೂದಿಯೂ ಇಲ್ಲ, ಅಲೋಫೇನೂ ಇಲ್ಲ. ಲ್ಯಾಟರೈಟಿನ ಹಾಗೆ ಸವೆದುಹೋದ ಹಳೆಯ ಮಣ್ಣಿನ ಅಲ್ಯೂಮಿನಿಯಂ ಮತ್ತು ಕಬ್ಬಿಣವೇ ತಂಪು ಹವೆಯಲ್ಲಿ ಸಾವಯವ ಇಂಗಾಲದೊಂದಿಗೆ ನೇರವಾಗಿ ಕೂಡಿಕೊಂಡಿವೆ. ನಮ್ಮ ಕರಾವಳಿಗೆ ಆ ತಂಪಿಲ್ಲ, ಅಷ್ಟು ಇಂಗಾಲವೂ ಕೂಡುವುದಿಲ್ಲ. ಆದರೆ ಹಿಡಿಯುವ ಕೈ ಒಂದೇ.

ಗುಡ್ಡದಿಂದ ಇಳಿದ ಕೆಂಪು ನೀರು ಕೊನೆಗೆ ಸೇರುವುದು ಅಳಿವೆಗೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಶಿರಸಿಯ ಕಡೆಯಿಂದ ಹರಿದು ಬಂದ ಮಣ್ಣೆಲ್ಲ ಕುಮಟಾದ ಗಜನಿ ಗದ್ದೆಗಳಿಗೆ ಬಂದು ಕೂರುತ್ತದೆ. ಶರಾವತಿಯ ಮಾತು ಬೇರೆ, 1964ರಿಂದ ಲಿಂಗನಮಕ್ಕಿ ಅದನ್ನು ಮೇಲೆಯೇ ತಡೆದಿದೆ. ಮಾಣಿಕಟ್ಟಾದ ಕಡೆ ಉಪ್ಪುನೀರು ನಿಂತರೂ ಸಾಯದ ಕಗ್ಗ ಭತ್ತ ಬೆಳೆಯುವುದು ಈ ಗಜನಿಯ ಕೆಸರಿನಲ್ಲೇ. ಅಗೆದರೆ ಅದೂ ಕಪ್ಪು, ವಾಸನೆಯೂ ಉಂಟು. ಇಲ್ಲಿಯ ಕಪ್ಪಿಗೆ ಮತ್ತೊಂದು ಕಾರಣ: ಸಮುದ್ರದ ನೀರಿನ ಗಂಧಕ ಕಬ್ಬಿಣದೊಂದಿಗೆ ಕೂಡಿ ಕಬ್ಬಿಣದ ಸಲ್ಫೈಡ್ ಆಗುತ್ತದೆ. ಕಾಂಡ್ಲಾ ಗಿಡದ ಬೇರಿನ ಸುತ್ತ ಮಾತ್ರ ತುಕ್ಕಿನ ಗೆರೆ ಕಾಣಬಹುದು, ಬೇರು ಕೆಸರಿಗೆ ಗಾಳಿ ಉಣಿಸುತ್ತದಲ್ಲ, ಅದಕ್ಕೆ. ಜಗತ್ತಿನ ಬೇರೆಬೇರೆ ಸಮುದ್ರಗಳ ತಳದ ಕೆಸರನ್ನು ಪರೀಕ್ಷಿಸಿದ ಕೆನಡಾದ ವಿಜ್ಞಾನಿಗಳು 2012ರಲ್ಲಿ ಹೇಳಿದ್ದು, ಅದರ ಸಾವಯವ ಇಂಗಾಲದ ಸುಮಾರು ಐದನೆಯ ಒಂದು ಪಾಲು ಕಬ್ಬಿಣಕ್ಕೆ ಬೆಸೆದುಕೊಂಡಿದೆ ಎಂದು. ಹೊನ್ನಾವರದ ಕಾಸರಕೋಡಿನ ಕಾಂಡ್ಲಾ ವನದ ಕಾಲುದಾರಿಯಲ್ಲಿ ನಡೆಯುವವರು ಮೇಲಿನ ಹಸಿರನ್ನಷ್ಟೇ ನೋಡದೆ ಕೆಳಗಿನ ಕೆಸರನ್ನೂ ನೋಡಲಿ ಎಂದು ನನ್ನ ಆಸೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ತಾಣವಾಯಿತು, ಒಟ್ಟು 4801 ಹೆಕ್ಟೇರು. ಕಾಯಬೇಕಾದ ಪಟ್ಟಿಯಲ್ಲಿ ಹಕ್ಕಿ, ಮೀನು, ಬಳಚುಗಳ ಜೊತೆ ಕೆಸರಿನ ಹೆಸರೂ ಇರಬೇಕಾದ ಜಾಗ ಅದು.

ಇದೇ ಹಿಡಿತ ರೈತನಿಗೆ ತೊಂದರೆಯನ್ನೂ ಕೊಡುತ್ತದೆ. ಹಾಕಿದ ರಂಜಕದ ಗೊಬ್ಬರವನ್ನು ಬೂದಿಮಣ್ಣೂ ನಮ್ಮ ಕೆಂಪು ಮಣ್ಣೂ ಇದೇ ಬೆಸುಗೆಯಿಂದ ಹಿಡಿದು ಬೆಳೆಗೆ ಸಿಗದಂತೆ ಮಾಡುತ್ತವೆ. ಕೊಟ್ಟಿಗೆ ಗೊಬ್ಬರ, ಸೊಪ್ಪು ಹಾಕಿದ ನೆಲದಲ್ಲಿ ಆ ತೊಂದರೆ ಕಡಿಮೆ, ಏಕೆಂದರೆ ರಂಜಕ ಕೂರಬೇಕಾದ ಜಾಗದಲ್ಲಿ ಎಲೆಯ ಆಮ್ಲ ಮೊದಲೇ ಕೂತಿರುತ್ತದೆ. ಸೊಪ್ಪಿನ ಬೆಟ್ಟದ ಪದ್ಧತಿ ಕಟ್ಟಿದ ಹಿರಿಯರು ಈ ರಸಾಯನಶಾಸ್ತ್ರ ಓದಿದವರಲ್ಲ, ತೋಟ ನೋಡಿ ಕಲಿತವರು. ಘಟ್ಟದ ಮೇಲಿನ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟ ಬ್ರಿಟಿಷ್ ಕಾಲದ ವ್ಯವಸ್ಥೆಯೂ ಆ ಅನುಭವವನ್ನೇ ಒಪ್ಪಿಕೊಂಡಿತ್ತು. ಬೆಟ್ಟದಿಂದ ಅತಿಯಾಗಿ ದರಕು ಗುಡಿಸಿದರೆ ಬೆಟ್ಟದ ಮಣ್ಣು ಬಡವಾಗುತ್ತದೆ, ಇದೂ ನಿಜ. ಆದರೆ ಗುಡಿಸಿದ ದರಕು ಕೊಟ್ಟಿಗೆ ಹಾಸಿ, ಗೊಬ್ಬರವಾಗಿ ತೋಟದ ಮಣ್ಣು ಸೇರಿದರೆ ನಷ್ಟವಿಲ್ಲ. ನಷ್ಟ ಆಗುವುದು ಬೇಣಕ್ಕೆ, ಗೇರು ಹಕ್ಕಲಿಗೆ ಬೇಸಿಗೆಯಲ್ಲಿ ಬೆಂಕಿ ಇಟ್ಟಾಗ. ಕಡ್ಡಿ ಗೀರುವ ಕೈಗೆ ಅದು ಸಲೀಸು, ಮಣ್ಣಿಗೆ ಮಾತ್ರ ಒಂದು ವರ್ಷದ ಊಟ ಹೋಗುತ್ತದೆ.

ದಖನ್ ಲಾವಾದ ಕಲ್ಲನ್ನು ಹುಡಿಮಾಡಿ ಭತ್ತದ ಗದ್ದೆಗೆ ಎರಚಿ ಗಾಳಿಯ ಇಂಗಾಲ ಇಳಿಸುವ ಕೆಲಸ ಈಗ ಮಧ್ಯ ಭಾರತದಲ್ಲಿ ನಡೆಯುತ್ತಿದೆ. ಅದನ್ನು ಮಾಡುವ ಮಾಟಿ ಕಾರ್ಬನ್ ಸಂಸ್ಥೆಗೆ 2025ರಲ್ಲಿ ಐದು ಕೋಟಿ ಡಾಲರಿನ ಎಕ್ಸ್‌ಪ್ರೈಜ್ ಬಂತು. ಒಳ್ಳೆಯ ಪ್ರಯತ್ನ, ನಡೆಯಲಿ. ನನ್ನ ಕಳಕಳಿ ಅದಕ್ಕಿಂತ ಹತ್ತಿರದ್ದು. ಹೊಸ ಇಂಗಾಲ ಇಳಿಸುವ ಮೊದಲು ಇದ್ದ ಇಂಗಾಲ ಹೊರಹೋಗದಂತೆ ನೋಡಿಕೊಳ್ಳಬೇಕು. ಚಿರೇಕಲ್ಲಿನ ಕ್ವಾರಿ ತೆಗೆಯುವಾಗ ಮೊದಲು ಕೆರೆದು ಬದಿಗೆ ದೂಡುವುದು ಇಂಗಾಲ ತುಂಬಿದ ಮೇಲ್ಮಣ್ಣನ್ನೇ. ಮೊದಲ ಮಳೆಗೆ ಅದು ಹೊಳೆ ಸೇರುತ್ತದೆ. ಗುಡ್ಡದ ಬುಡವನ್ನು ನೆಟ್ಟಗೆ ಕಡಿದರೆ ಒಳಗಿನ ಜೇಡಿ ನೀರು ಕುಡಿದು ಜಾರುತ್ತದೆ. 2022ರ ಆಗಸ್ಟ್ 2ರ ಬೆಳಗ್ಗೆ ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಕೊಂಡರು. ಅದರ ಹಿಂದಿನ ರಾತ್ರಿ ಭಟ್ಕಳದಲ್ಲಿ 500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದಿತ್ತು. ಅಂಥ ದುಃಖದ ಮುಂದೆ ಇಂಗಾಲದ ಲೆಕ್ಕ ಸಣ್ಣದು. ಆದರೆ ಗುಡ್ಡದ ಮೈಮೇಲೆ ಮರ, ಬೇರು, ದರಕು ಉಳಿಯಬೇಕು ಎಂಬ ಮಾತಿಗೆ ಎರಡೂ ಕಡೆಯಿಂದ ಒಂದೇ ಉತ್ತರ ಬರುತ್ತದೆ.

ಜಮೀನು ಇರುವವರಲ್ಲಿ ಒಂದು ಕೋರಿಕೆ. 2015ರಿಂದ ಸರ್ಕಾರ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿ ಎಷ್ಟೋ ಮನೆಗಳಲ್ಲಿ ಪಹಣಿಯ ಜೊತೆ ಮಡಚಿಟ್ಟೇ ಇರುತ್ತದೆ. ತೆಗೆದು ಸಾವಯವ ಇಂಗಾಲ ಎಂಬ ಸಾಲನ್ನು ನೋಡಿ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದ್ದರೆ ಹೆಚ್ಚು. ನಿಮ್ಮ ಅಂಕಿ ಎಷ್ಟಿದೆ ಎಂದು ಬರೆದಿಟ್ಟುಕೊಂಡು, ಮೂರು ವರ್ಷ ಬೇಣಕ್ಕೆ ಬೆಂಕಿ ಇಡದೆ, ದರಕನ್ನು ಮಣ್ಣಿಗೇ ಕೊಟ್ಟು, ಅದೇ ಜಾಗದ ಮಣ್ಣನ್ನು ಮತ್ತೊಮ್ಮೆ ಪರೀಕ್ಷೆಗೆ ಕಳಿಸಿ.